ಡಾಕ್ಸ್ ನಂಬುವ ಮುನ್ನ, ಡಾಕ್ಸ್‌ಗೆ ದುಡ್ಡು ಕೊಡುವ ಮುನ್ನ

2.5 ಅನ್ನು ಪೂರ್ಣಾಂಕಕ್ಕೆ ತಂದರೆ ಎಷ್ಟಾಗುತ್ತದೆ? ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದು 3. ಪೈಥಾನ್‌ನ ರೌಂಡ್ ಫಂಕ್ಷನ್ ಕೊಡುವುದು 2. ಅದೇ ಫಂಕ್ಷನ್‌ಗೆ 3.5 ಕೊಟ್ಟರೆ 4 ಬರುತ್ತದೆ. ಜಾವಾಸ್ಕ್ರಿಪ್ಟ್ 2.5ಕ್ಕೆ 3 ಅನ್ನುತ್ತದೆ, ಮೈನಸ್ 2.5ಕ್ಕೆ ಮಾತ್ರ ಮೈನಸ್ 2 ಅನ್ನುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಉತ್ತರ ನೀವು ಆ ಸಂಖ್ಯೆಯನ್ನು ಯಾವ ಟೈಪ್‌ನಲ್ಲಿ ಇಟ್ಟಿದ್ದೀರಿ ಎಂಬುದನ್ನು ಅವಲಂಬಿಸಿದೆ: ನ್ಯೂಮರಿಕ್ ಆದರೆ 3, ಡಬಲ್ ಪ್ರಿಸಿಷನ್ ಆದರೆ ಬಹುತೇಕ ಯಂತ್ರಗಳಲ್ಲಿ 2.

ಇವು ಯಾವುವೂ ಬಗ್ ಅಲ್ಲ. ಆಯಾ ಡಾಕ್ಯುಮೆಂಟೇಷನ್‌ನಲ್ಲಿ ಬರೆದಿಟ್ಟ ಹಾಗೆಯೇ ಎಲ್ಲವೂ ನಡೆದುಕೊಳ್ಳುತ್ತಿವೆ. ಎರಡು ಪೂರ್ಣಾಂಕಗಳ ನಟ್ಟನಡುವೆ ಇರುವ ಸಂಖ್ಯೆ ಸಮಸಂಖ್ಯೆಯ ಕಡೆಗೆ ಹೋಗುತ್ತದೆ ಎಂದು ಪೈಥಾನ್ ಪುಟ ಸ್ಪಷ್ಟವಾಗಿ ಹೇಳುತ್ತದೆ. 2.675 ಅನ್ನು ಎರಡು ದಶಮಾಂಶಕ್ಕೆ ತಂದರೆ 2.68ರ ಬದಲು 2.67 ಬರುತ್ತದೆ ಎಂದೂ, ಬಹಳಷ್ಟು ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಒಳಗೆ ಕರಾರುವಾಕ್ಕಾಗಿ ಇಡಲು ಬರುವುದಿಲ್ಲವಾದ್ದರಿಂದ ಹೀಗಾಗುತ್ತದೆ ಎಂದೂ ಅದೇ ಪುಟದಲ್ಲಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರು ಈ ನಾಲ್ಕು ಸಾಲು ಓದದೇ ಹೋದರೆ ಜಿಎಸ್‌ಟಿ ಲೆಕ್ಕದಲ್ಲಿ ಪೈಸೆ ತಾಳೆಯಾಗುವುದಿಲ್ಲ. ಆಗ ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರ ಫೋನ್ ಬರುತ್ತದೆ, ಒಂದು ಪೈಸೆಯ ಹಿಂದೆ ಎರಡು ದಿನ ಹೋಗುತ್ತದೆ.

ರೆಫರೆನ್ಸ್ ಡಾಕ್ಯುಮೆಂಟೇಷನ್ ಇರುವುದೇ ಇಂಥ ಪ್ರಶ್ನೆಗಳಿಗೆ. ಅದನ್ನು ಅಳೆಯುವುದು ಹೇಗೆ, ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಕೊಡಬೇಕಿಲ್ಲ ಎಂಬುದು ಈ ಲೇಖನದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ರೆಫರೆನ್ಸ್ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ನಮಗೆ ಉಚಿತವಾಗಿ ಸಿಗುವ ಪ್ರತಿ ಪುಟಕ್ಕೂ ಯಾರೋ ಸಂಬಳ ಕೊಟ್ಟಿರುತ್ತಾರೆ, ಇಲ್ಲವೇ ಯಾರೋ ನಿದ್ದೆ ಬಿಟ್ಟು ಬರೆದಿರುತ್ತಾರೆ. ಆ ಖರ್ಚು ಯಾರ ತಲೆಯ ಮೇಲಿದೆ ಎಂದು ಗೊತ್ತಿದ್ದವರಿಗೆ ಆ ಪುಟವನ್ನು ಎಷ್ಟು ನಂಬಬೇಕು, ಎಷ್ಟು ದಿನ ನಂಬಬಹುದು ಎಂಬುದೂ ಗೊತ್ತಾಗುತ್ತದೆ.

ಪುಟದ ಗುಣ ನೋಡುವುದು

ಡಾಕ್ಯುಮೆಂಟೇಷನ್‌ನಲ್ಲಿ ನಾಲ್ಕು ಬಗೆಯಿದೆ ಎಂದು ಡಾನಿಯೆಲೆ ಪ್ರೊಚಿಡಾ ವಿಂಗಡಿಸಿದ್ದಾರೆ. ಡಯಾಟಾಕ್ಸಿಸ್ ಎಂಬ ಹೆಸರಿನ ಆ ಪದ್ಧತಿಯನ್ನು ಈಗ ಹಲವು ಪ್ರಾಜೆಕ್ಟ್‌ಗಳು ಅನುಸರಿಸುತ್ತಿವೆ. ಹೊಸಬರ ಕೈಹಿಡಿದು ನಡೆಸುವ ಟ್ಯುಟೋರಿಯಲ್, ಒಂದು ನಿರ್ದಿಷ್ಟ ಕೆಲಸ ಮಾಡಿ ಮುಗಿಸಲು ಬೇಕಾದ ಮಾರ್ಗದರ್ಶಿ, ಯಾಕೆ ಹೀಗೆ ಎಂದು ತಿಳಿಸುವ ವಿವರಣೆ, ಮತ್ತು ರೆಫರೆನ್ಸ್. ಮೊದಲ ಮೂರನ್ನು ಯೂಟ್ಯೂಬ್‌ನಿಂದಲೂ ಪುಸ್ತಕದಿಂದಲೂ ಸಹೋದ್ಯೋಗಿಯಿಂದಲೂ ಪಡೆಯಬಹುದು. ರೆಫರೆನ್ಸ್‌ಗೆ ಮಾತ್ರ ಬದಲಿಯಿಲ್ಲ. ಈ ಫಂಕ್ಷನ್ ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ, ಎಲ್ಲಿ ಸೋಲುತ್ತದೆ ಎಂದು ಅದು ಹೇಳಬೇಕು. ಒಂದನ್ನೂ ಬಿಡದೆ ಹೇಳಬೇಕು.

ಹೊಸ ಲೈಬ್ರರಿಯನ್ನೋ ಸೇವೆಯನ್ನೋ ಆರಿಸಿಕೊಳ್ಳುವಾಗ ಹೀಗೆ ಮಾಡಿ. ನಿಮಗೆ ಆಗಲೇ ಚೆನ್ನಾಗಿ ಗೊತ್ತಿರುವ ಒಂದು ಫಂಕ್ಷನ್‌ನ ಪುಟ ತೆರೆಯಿರಿ, ಗೊತ್ತಿಲ್ಲದ್ದನ್ನಲ್ಲ. ಖಾಲಿ ಸ್ಟ್ರಿಂಗ್ ಕೊಟ್ಟರೆ ಏನಾಗುತ್ತದೆ ಎಂದು ಬರೆದಿದ್ದಾರೆಯೇ? ಋಣಸಂಖ್ಯೆ ಕೊಟ್ಟರೆ? ಫೈಲ್ ಇಲ್ಲದಿದ್ದರೆ, ನೆಟ್‌ವರ್ಕ್ ಕಡಿದುಹೋದರೆ ಯಾವ ಎರರ್ ಬರುತ್ತದೆ? ಯಾವ ಆವೃತ್ತಿಯಿಂದ ಇದು ಲಭ್ಯ? ಕೊಟ್ಟಿರುವ ಉದಾಹರಣೆಯನ್ನು ಹಾಗೇ ಕಾಪಿ ಮಾಡಿ ಓಡಿಸಿದರೆ ಓಡುತ್ತದೆಯೇ? ಗೊತ್ತಿರುವ ವಿಷಯದಲ್ಲೇ ಪುಟ ಎಡವಿದರೆ, ಗೊತ್ತಿಲ್ಲದ ವಿಷಯದಲ್ಲಿ ಅದನ್ನು ನಂಬಬೇಡಿ. ಮುಖಪುಟದ ಬಣ್ಣ, ಹುಡುಕಾಟದ ಪೆಟ್ಟಿಗೆ, ಡಾರ್ಕ್ ಮೋಡ್ ಯಾವುದೂ ಇದಕ್ಕೆ ಸಾಕ್ಷಿಯಲ್ಲ.

ಕನ್ನಡದಲ್ಲಿ ಕೆಲಸ ಮಾಡುವ ಡೆವಲಪರ್‌ಗಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಅನ್ನು ಕೇಳಿ. ಓದುಗರ ಕಣ್ಣಿಗೆ ಮೂರು ಅಕ್ಷರ, ಉತ್ತರ 5. ಕ, ನ, ವಿರಾಮ (ಹಲಂತ), ಮತ್ತೊಂದು ನ, ಡ ಎಂದು ಐದು ಸಂಕೇತಗಳು. ವೆಬ್ ಡೆವಲಪರ್‌ಗಳ ರೆಫರೆನ್ಸ್ ತಾಣವಾದ ಎಂಡಿಎನ್‌ನ ಪುಟವನ್ನು ನೋಡಿದರೆ, ಲೆಂಗ್ತ್ ಎಣಿಸುವುದು ಯುಟಿಎಫ್-16 ಘಟಕಗಳನ್ನು, ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ ಎಂದು ಆರಂಭದಲ್ಲೇ ಇದೆ. ಇನ್ನು ಕೆಲವು ಕಡೆ ಅದೇ ವಿಷಯದ ಪುಟ ಸ್ಟ್ರಿಂಗ್‌ನ ಅಕ್ಷರಗಳ ಸಂಖ್ಯೆ ಎಂದಷ್ಟೇ ಹೇಳಿ ಮುಗಿಸಿರುತ್ತದೆ. ಇಂಗ್ಲಿಷ್ ಪಠ್ಯಕ್ಕೆ ಅಷ್ಟು ಸಾಕು. ಕನ್ನಡದಲ್ಲಿ ಹೆಸರು ತುಂಬಿಸುವ ಸರ್ಕಾರಿ ಫಾರ್ಮ್‌ನಲ್ಲಿ ಇಪ್ಪತ್ತು ಅಕ್ಷರದ ಮಿತಿ ಹಾಕಿದರೆ ಅರ್ಧ ಹೆಸರು ಕತ್ತರಿಸಿ ಹೋಗುವುದು ಅಂಥ ಪುಟಗಳನ್ನು ನಂಬಿದ್ದರಿಂದಲೇ.

ಇದೇ ಸಾಲಿನ ಇನ್ನೊಂದು ತೊಡಕು ‘ರ‍್ಯಾಂಕ್’ ಪದದ್ದು. ರ, ವಿರಾಮ, ಯ ಎಂದು ಸುಮ್ಮನೆ ಒಂದರ ಪಕ್ಕ ಒಂದು ಇಟ್ಟರೆ ಅರ್ಕಾವೊತ್ತು ಮೂಡುತ್ತದೆ. ರಕಾರ ಪೂರ್ಣವಾಗಿ ಉಳಿದು ಯ ಒತ್ತಾಗಿ ಬರಬೇಕಾದರೆ ರ ಆದ ಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಜೆ ಎಂಬ ಸಂಕೇತ ಹಾಕಬೇಕು ಎಂದು ಯೂನಿಕೋಡ್ ಸ್ಟ್ಯಾಂಡರ್ಡ್‌ನ ಕನ್ನಡ ಭಾಗದಲ್ಲಿದೆ. ಅದೇ ಸಂಕೇತವನ್ನು ವಿರಾಮದ ನಂತರ ಹಾಕಿ ಟೈಪ್ ಮಾಡಿದ ಪಠ್ಯಗಳೂ ಸಾಕಷ್ಟಿವೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು, ಹುಡುಕಿದರೆ ಮಾತ್ರ ಒಂದಕ್ಕೆ ಇನ್ನೊಂದು ಸಿಗುವುದಿಲ್ಲ. ಯೂನಿಕೋಡ್ ಸ್ಟ್ಯಾಂಡರ್ಡ್ ಪೂರ್ತಿ ಉಚಿತ. ಕನ್ನಡದ ಸಂಕೇತಗಳು 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಜಾಗದಲ್ಲಿವೆ, ಕನ್ನಡ ಲಿಪಿಯ ವಿವರಣೆ ಕೆಲವೇ ಪುಟ. ಕನ್ನಡ ಪಠ್ಯವನ್ನು ಮುಟ್ಟುವ ಪ್ರತಿಯೊಬ್ಬ ಪ್ರೋಗ್ರಾಮರ್ ಅದನ್ನು ಒಂದು ಸಲ ಕುಳಿತು ಓದಲೇಬೇಕು.

ಹಳೆಯ ಯೂನಿಕ್ಸ್ ಕೈಪಿಡಿಯ ಬಗ್ಗೆ ಇಲ್ಲಿ ಎರಡು ಮಾತು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಅದರ ಮೊದಲ ಆವೃತ್ತಿಯ ದಿನಾಂಕ 1971ರ ನವೆಂಬರ್ 3. ಪ್ರತಿ ಕಮಾಂಡ್‌ನ ಪುಟದಲ್ಲೂ ಹೆಸರು, ಬಳಕೆ, ವಿವರಣೆಯ ಜೊತೆಗೆ ‘ಬಗ್ಸ್’ ಎಂಬ ಶೀರ್ಷಿಕೆಯಿತ್ತು. ಪ್ರೋಗ್ರಾಂ ಬರೆದವರೇ ಅದರ ಕುಂದುಗಳನ್ನು ಅಲ್ಲಿ ಬರೆದಿಟ್ಟರು. ‘ಓನರ್’ ಎಂಬ ಶೀರ್ಷಿಕೆಯಡಿ ಇದು ಯಾರ ಜವಾಬ್ದಾರಿ ಎಂದೂ ಇತ್ತು. ಇಂದು ಯಾವುದೇ ಲೈಬ್ರರಿಯ ಡಾಕ್ಸ್ ತೆರೆದಾಗ ನಾನು ಮೊದಲು ಹುಡುಕುವುದು ಈ ಎರಡನ್ನೇ. ತನ್ನ ಕೊರತೆಗಳನ್ನು ಹೇಳಿಕೊಂಡಿರುವ ಪುಟ ಉಳಿದ ವಿಷಯದಲ್ಲೂ ನಂಬಲು ಅರ್ಹ ಎಂಬುದು ನನ್ನ ಅನುಭವ.

ಯಾವ ಆವೃತ್ತಿಯ ಪುಟ?

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಪುಟ ನಿಮ್ಮ ಯಂತ್ರದಲ್ಲಿರುವ ಆವೃತ್ತಿಯದ್ದೇ ಆಗಿರಬೇಕೆಂದಿಲ್ಲ. ಪೋಸ್ಟ್‌ಗ್ರೆಸ್ ಇದನ್ನು ಚೆನ್ನಾಗಿ ನಿಭಾಯಿಸಿದೆ: ಪ್ರತಿ ಪುಟದ ತಲೆಯಲ್ಲಿ ಆವೃತ್ತಿಗಳ ಪಟ್ಟಿಯಿದೆ, ಒತ್ತಿದರೆ ಅದೇ ವಿಷಯದ ಬೇರೆ ಆವೃತ್ತಿಯ ಪುಟಕ್ಕೆ ಹೋಗಬಹುದು. ಹೀಗೆ ಮಾಡದ ಪ್ರಾಜೆಕ್ಟ್‌ಗಳಲ್ಲಿ ವಿಳಾಸದ ಸಾಲಿನಲ್ಲಿ ಆವೃತ್ತಿಯ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ.

ಇಂಟರ್‌ನೆಟ್ಟಿನ ಮಾನಕಗಳಾದ ಆರ್‌ಎಫ್‌ಸಿಗಳಲ್ಲಿ ಮೋಸಹೋಗುವುದು ಇನ್ನೂ ಸುಲಭ. 1969ರಲ್ಲಿ ಶುರುವಾದ ಈ ಸರಣಿಯ ದಾಖಲೆಗಳು ಎಲ್ಲರಿಗೂ ಉಚಿತ, ಆದರೆ ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯನ್ನು ತಿದ್ದುವುದಿಲ್ಲ. ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯ ದಾಖಲೆ ಬರುತ್ತದೆ, ಹಳೆಯದು ಹಾಗೇ ಉಳಿದಿರುತ್ತದೆ. ಎಚ್‌ಟಿಟಿಪಿ ಬಗ್ಗೆ ಇಂದಿಗೂ ಜನ 1999ರ ಆರ್‌ಎಫ್‌ಸಿ 2616 ಅನ್ನು ತೋರಿಸುತ್ತಾರೆ. ಅದರ ಜಾಗಕ್ಕೆ 2014ರಲ್ಲಿ 7230ರಿಂದ 7235ರವರೆಗಿನವು ಬಂದವು, 2022ರಲ್ಲಿ ಅವುಗಳ ಜಾಗಕ್ಕೂ 9110 ಮತ್ತದರ ಜೊತೆಯವು ಬಂದವು. ಓದುವ ಮೊದಲು ಪುಟದ ಮೇಲ್ಭಾಗದಲ್ಲಿ ಇದನ್ನು ಯಾವುದು ರದ್ದುಮಾಡಿದೆ ಎಂಬ ಸಾಲನ್ನೂ, ಪ್ರತ್ಯೇಕವಾಗಿ ಇಟ್ಟಿರುವ ತಪ್ಪೋಲೆಯನ್ನೂ ನೋಡಿ.

ದುಡ್ಡು ಕೊಡಬೇಕೇ?

ಸಿ ಭಾಷೆಯ ಅಧಿಕೃತ ಮಾನಕವನ್ನು ಐಎಸ್‌ಒ ಮಾರುತ್ತದೆ. ಬೆಲೆ 200 ಸ್ವಿಸ್ ಫ್ರಾಂಕ್ ಆಸುಪಾಸು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯಷ್ಟು. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇಂಜಿನಿಯರಿಂಗ್ ಓದುವ ವಿದ್ಯಾರ್ಥಿ ಒಂದು ಪಿಡಿಎಫ್‌ಗೆ ಅಷ್ಟು ಕೊಡಬೇಕಿಲ್ಲ. ಮಾನಕ ಸಿದ್ಧಪಡಿಸುವ ಸಮಿತಿ ತನ್ನ ಕರಡುಗಳನ್ನು ಮುಕ್ತವಾಗಿ ಇಡುತ್ತದೆ, ಕೊನೆಯ ಕರಡಿಗೂ ಮುದ್ರಿತ ಮಾನಕಕ್ಕೂ ವ್ಯತ್ಯಾಸ ಅತ್ಯಲ್ಪ. ಸಿ11ಕ್ಕೆ ಎನ್1570, ಸಿ++20ಕ್ಕೆ ಎನ್4861 ಎಂದು ಹುಡುಕಿ. ಕಂಪೈಲರ್ ಬರೆಯುವವರೂ ದಿನನಿತ್ಯ ಇವುಗಳನ್ನೇ ಉಲ್ಲೇಖಿಸುತ್ತಾರೆ. ದುಡ್ಡು ಕೊಟ್ಟ ಪ್ರತಿ ಬೇಕಾಗುವುದು ಒಪ್ಪಂದದಲ್ಲೋ ಸುರಕ್ಷತಾ ಪ್ರಮಾಣೀಕರಣದಲ್ಲೋ ಇಂಥ ಮಾನಕಕ್ಕೆ ಬದ್ಧ ಎಂದು ಸಹಿ ಹಾಕುವಾಗ. ಆಗ ಅದನ್ನು ಕಂಪನಿ ಕೊಳ್ಳಬೇಕು, ನೌಕರರಲ್ಲ. ಹಾಗೆ ಕೊಂಡ ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದು ಲೈಸೆನ್ಸ್ ಉಲ್ಲಂಘನೆ ಎಂಬುದೂ ನೆನಪಿರಲಿ.

ಬಹಳಷ್ಟು ಕಡೆ ಇಂಥದೇ ಉಚಿತ ದಾರಿಯಿದೆ. ದಿನಾಂಕ ಬರೆಯುವ ಐಎಸ್‌ಒ 8601 ಹಣಕ್ಕೆ ಮಾತ್ರ. ಇಂಟರ್‌ನೆಟ್ ಬಳಕೆಗೆ ಅದರಲ್ಲಿ ಬೇಕಾದಷ್ಟನ್ನು ಆರಿಸಿಕೊಟ್ಟಿರುವ ಆರ್‌ಎಫ್‌ಸಿ 3339 ಉಚಿತ, ಓದಲೂ ಸುಲಭ. ಪೋಸಿಕ್ಸ್ ಮಾನಕವನ್ನು ಓಪನ್ ಗ್ರೂಪ್ ಆನ್‌ಲೈನ್‌ನಲ್ಲಿ ಓದಲು ಬಿಟ್ಟಿದೆ. ಇಂಟೆಲ್ ಮತ್ತು ಆರ್ಮ್ ತಮ್ಮ ಪ್ರೊಸೆಸರ್‌ಗಳ ಸಾವಿರಾರು ಪುಟಗಳ ಕೈಪಿಡಿಗಳನ್ನು ಹಾಗೇ ಕೊಡುತ್ತವೆ. ಯುಎಸ್‌ಬಿಯ ವಿವರಣೆ ಉಚಿತ, ಆದರೆ ಪಿಸಿಐ ಎಕ್ಸ್‌ಪ್ರೆಸ್‌ನದು ಸದಸ್ಯರಲ್ಲದವರಿಗೆ ತೀರಾ ದುಬಾರಿ. ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ ಕೆಲಸ ಮಾಡುವವರು ಕೊಳ್ಳಲು ಹೊರಡುವ ಮುನ್ನ ತಮ್ಮ ಕಂಪನಿಗೆ ಸದಸ್ಯತ್ವ ಇದೆಯೇ ಎಂದು ವಿಚಾರಿಸಲಿ. ಹಲವು ಸಲ ಇರುತ್ತದೆ, ಹೇಳಿರುವುದಿಲ್ಲ ಅಷ್ಟೇ. ಎಸ್‌ಕ್ಯುಎಲ್‌ನ ಐಎಸ್‌ಒ ಮಾನಕಕ್ಕಂತೂ ಸಾಮಾನ್ಯ ಡೆವಲಪರ್ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಅದನ್ನು ಚಾಚೂ ತಪ್ಪದೆ ಪಾಲಿಸುವ ಡೇಟಾಬೇಸ್ ಯಾವುದೂ ಇಲ್ಲ. ನೀವು ಬಳಸುವ ಡೇಟಾಬೇಸ್‌ನ ಡಾಕ್ಸೇ ನಿಮಗೆ ಪ್ರಮಾಣ.

ಪಿಡಿಎಫ್‌ನ ಕಥೆ ಇಲ್ಲಿ ಹೇಳುವಂಥದ್ದು. 1993ರಲ್ಲಿ ಅಡೋಬಿ ಅದನ್ನು ಹೊರತಂದಾಗಿನಿಂದ ಅದರ ವಿವರಣೆ ಎಲ್ಲರಿಗೂ ಸಿಗುತ್ತಿತ್ತು. 2008ರಲ್ಲಿ ಅದು ಐಎಸ್‌ಒ ಮಾನಕವಾಯಿತು. 2017ರಲ್ಲಿ ಪಿಡಿಎಫ್ 2.0 ಬಂದಾಗ ಅದನ್ನು ದುಡ್ಡು ಕೊಟ್ಟೇ ಪಡೆಯಬೇಕಾಯಿತು. ಹವ್ಯಾಸಕ್ಕೆ ಪಿಡಿಎಫ್ ಓದುವ ಟೂಲ್ ಬರೆಯುವವರು ಹಳೆಯ ಉಚಿತ ದಾಖಲೆಗೇ ಅಂಟಿಕೊಳ್ಳುವಂತಾಯಿತು. 2023ರ ಏಪ್ರಿಲ್‌ನಲ್ಲಿ ಅಡೋಬಿ, ಅಪ್ರೈಸ್, ಫಾಕ್ಸಿಟ್ ಕಂಪನಿಗಳು ಖರ್ಚು ವಹಿಸಿಕೊಂಡು, ಪಿಡಿಎಫ್ ಅಸೋಸಿಯೇಷನ್ ಮೂಲಕ ಅದನ್ನು ಮತ್ತೆ ಎಲ್ಲರಿಗೂ ಉಚಿತವಾಗಿಸಿದವು. ಬಳಸುವವರು ಹೆಚ್ಚಿದಷ್ಟೂ ಮಾನಕ ಮಾಡಿದವರಿಗೇ ಲಾಭ ಎಂದು ಆ ಕಂಪನಿಗಳಿಗೆ ಗೊತ್ತಾಗಿದೆ. ಉಳಿದ ಮಾನಕಗಳಿಗೂ ಯಾರಾದರೂ ಹೀಗೆ ಮುಂದೆ ಬರಬೇಕು.

ಪುಸ್ತಕಗಳ ವಿಷಯದಲ್ಲಿ ಒಂದೇ ಎಚ್ಚರಿಕೆ. ಕರ್ನಿಘನ್ ಮತ್ತು ರಿಚಿಯವರ ಸಿ ಪುಸ್ತಕ ನಮ್ಮ ಕಾಲೇಜುಗಳಲ್ಲಿ ಕಡಿಮೆ ಬೆಲೆಯ ಭಾರತೀಯ ಮುದ್ರಣದಲ್ಲಿ ಸಿಗುತ್ತದೆ, ಕಲಿಯಲು ಇಂದಿಗೂ ಸೊಗಸು. ಆದರೆ ಎರಡನೇ ಆವೃತ್ತಿ ಬಂದಿದ್ದು 1988ರಲ್ಲಿ. ಆಮೇಲೆ ಬಂದ ಸಿ99 ಆಗಲಿ ಸಿ11 ಆಗಲಿ ಅದರಲ್ಲಿಲ್ಲ. ರೆಫರೆನ್ಸ್ ಆಗಿ ಕರಡನ್ನೇ ಪಕ್ಕದಲ್ಲಿಟ್ಟುಕೊಳ್ಳಿ.

ಉಚಿತದ ಖರ್ಚು ಯಾರದು?

ವೆಬ್ ಡೆವಲಪರ್‌ಗಳು ದಿನಕ್ಕೆ ಹತ್ತು ಸಲ ತೆರೆಯುವ ಎಂಡಿಎನ್ ಶುರುವಾಗಿದ್ದು 2005ರಲ್ಲಿ, ಮೊಜಿಲ್ಲಾದ ಆಶ್ರಯದಲ್ಲಿ. ಅಷ್ಟು ವರ್ಷ ಅದರ ಬೆನ್ನೆಲುಬಾಗಿದ್ದವರು ಸಂಬಳದ ಮೇಲಿದ್ದ ಕೆಲವೇ ಬರಹಗಾರರು. 2020ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆಯಿತು, ಅವರಲ್ಲಿ ಎಂಡಿಎನ್ ಬರಹಗಾರರೂ ಇದ್ದರು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗೆ ಇಡೀ ಜಗತ್ತು ನೆಚ್ಚಿಕೊಂಡ ರೆಫರೆನ್ಸ್ ಎಷ್ಟು ಸಣ್ಣ ತಂಡದ ಮೇಲೆ ನಿಂತಿತ್ತು ಎಂದು ಹಲವರಿಗೆ ಅವತ್ತೇ ಗೊತ್ತಾಗಿದ್ದು. ಅದೇ ಡಿಸೆಂಬರ್‌ನಲ್ಲಿ ಎಂಡಿಎನ್‌ನ ಪಠ್ಯವೆಲ್ಲ ಗಿಟ್‌ಹಬ್‌ಗೆ ಹೋಯಿತು. 2021ರ ಜನವರಿಯಲ್ಲಿ ಓಪನ್ ವೆಬ್ ಡಾಕ್ಸ್ ಎಂಬ ಸಂಸ್ಥೆ ಹುಟ್ಟಿತು. ಗೂಗಲ್, ಮೈಕ್ರೋಸಾಫ್ಟ್, ಕಾಯಿಲ್, ಇಗಾಲಿಯಾ ಹಣ ಹಾಕಿದವು, ಸಾಮಾನ್ಯ ಡೆವಲಪರ್‌ಗಳೂ ಓಪನ್ ಕಲೆಕ್ಟಿವ್ ಎಂಬ ದೇಣಿಗೆ ತಾಣದ ಮೂಲಕ ಕೊಡುತ್ತಿದ್ದಾರೆ. ಆ ಹಣದಿಂದ ಬರಹಗಾರರಿಗೆ ಸಂಬಳ ಸಿಗುತ್ತದೆ. 2022ರ ಮಾರ್ಚ್‌ನಲ್ಲಿ ಮೊಜಿಲ್ಲಾ ತಿಂಗಳಿಗೆ ಐದು ಡಾಲರ್‌ನಿಂದ ಶುರುವಾಗುವ ಎಂಡಿಎನ್ ಪ್ಲಸ್ ಚಂದಾ ತಂದಿತು. ಡಾಕ್ಸ್‌ ಮಾತ್ರ ಉಚಿತವಾಗಿಯೇ ಉಳಿಯಿತು.

ಹಿಂದೆ ಡಾಕ್ಸ್ ಎಲ್ಲ ಕಡೆ ಹೀಗೆ ಉಚಿತವಾಗಿ ಸಿಗುತ್ತಿರಲಿಲ್ಲ ಎಂಬುದನ್ನು ಈಗಿನವರು ಮರೆಯಬಾರದು. 1992ರಲ್ಲಿ ಶುರುವಾದ ಮೈಕ್ರೋಸಾಫ್ಟ್‌ನ ಎಂಎಸ್‌ಡಿಎನ್ ಚಂದಾದಾರರಿಗೆ ಸಿ.ಡಿ.ಗಳಲ್ಲಿ ಬರುತ್ತಿತ್ತು. ಈಗ ಅದೇ ಕಂಪನಿಯ ಡಾಕ್ಸ್ ಬಹುಪಾಲು ಗಿಟ್‌ಹಬ್‌ನಲ್ಲಿ ತೆರೆದಿದೆ, ತಿದ್ದುಪಡಿಯನ್ನು ಯಾರು ಬೇಕಾದರೂ ಕಳುಹಿಸಬಹುದು.

ನೆಟ್ ಇಲ್ಲದಾಗ

ಹಾಸ್ಟೆಲ್ ವೈಫೈ ಕೈಕೊಡುವ ಕಡೆ, ಪರೀಕ್ಷೆಯ ಹೊತ್ತಿಗೆ ನೆಟ್ ಬಂದ್ ಮಾಡುವ ಲ್ಯಾಬ್‌ಗಳಲ್ಲಿ, ಭದ್ರತೆಗಾಗಿ ಹೊರಗಿನ ಸಂಪರ್ಕವನ್ನೇ ಕಡಿದಿಟ್ಟ ಕಚೇರಿಗಳಲ್ಲಿ ಡಾಕ್ಸ್ ಕೈಯಲ್ಲಿರಬೇಕು. ಪೈಥಾನ್‌ನ ಪೂರ್ತಿ ಡಾಕ್ಯುಮೆಂಟೇಷನ್ ಜಿಪ್ ಆಗಿ ಸಿಗುತ್ತದೆ. ಪೋಸ್ಟ್‌ಗ್ರೆಸ್ ಎ4 ಅಳತೆಯ ಪಿಡಿಎಫ್ ಕೊಡುತ್ತದೆ. ರಸ್ಟ್ ಹಾಕಿಕೊಂಡವರು ‘ರಸ್ಟ್‌ಅಪ್ ಡಾಕ್’ ಎಂದರೆ ಸಾಕು, ಯಂತ್ರದಲ್ಲೇ ಇರುವ ಪ್ರತಿ ತೆರೆದುಕೊಳ್ಳುತ್ತದೆ. ನೀವು ಹಾಕಿಕೊಂಡ ಆವೃತ್ತಿಯದ್ದೇ ಅದು ಎಂಬುದು ಇನ್ನೂ ದೊಡ್ಡ ಅನುಕೂಲ. ಎಲ್ಲ ಭಾಷೆಗಳದ್ದೂ ಒಂದೇ ಕಡೆ ಬೇಕೆಂದರೆ ಡೆವ್‌ಡಾಕ್ಸ್ ಬ್ರೌಸರ್‌ನಲ್ಲೇ ಆಫ್‌ಲೈನ್ ಕೆಲಸ ಮಾಡುತ್ತದೆ, ವಿಂಡೋಸ್ ಮತ್ತು ಲಿನಕ್ಸ್‌ಗೆ ಝೀಲ್ ಇದೆ. ಎರಡೂ ಉಚಿತ. ಮ್ಯಾಕ್‌ಗೆ ಇರುವ ಡ್ಯಾಷ್‌ಗೆ ದುಡ್ಡು ಕೊಡಬೇಕು. ಪಾಠ ಮಾಡುವ ಮೇಷ್ಟ್ರುಗಳಿಗೆ ನನ್ನ ಕೋರಿಕೆ: ಸೆಮಿಸ್ಟರ್ ಶುರುವಾಗುವ ಮೊದಲು ಲ್ಯಾಬ್‌ನ ಎಲ್ಲ ಯಂತ್ರಗಳಲ್ಲೂ ಇವನ್ನು ಹಾಕಿಸಿ, ನೋಟ್ಸ್ ಬರೆಸುವ ಬದಲು ಡಾಕ್ಸ್ ಓದುವುದನ್ನು ಕಲಿಸಿ.

ನೆಟ್ ಇದ್ದಾಗ ಈಗ ಎಲ್ಲರೂ ಎಐಯನ್ನೇ ಕೇಳುತ್ತಾರೆ. ಕೇಳಲಿ, ಎಲ್ಲಿ ಹುಡುಕಬೇಕೆಂದು ತಿಳಿಯಲು ಅದು ಒಳ್ಳೆಯದು. ಆದರೆ ಇಲ್ಲದ ಫಂಕ್ಷನ್, ಇಲ್ಲದ ಆಪ್ಷನ್‌ಗಳನ್ನು ಅದು ಇದ್ದ ಹಾಗೆಯೇ ಹೇಳಿಬಿಡುತ್ತದೆ. 2023ರಲ್ಲಿ ಎಂಡಿಎನ್ ತನ್ನ ಪುಟಗಳ ಕೋಡ್ ಉದಾಹರಣೆಗಳನ್ನು ವಿವರಿಸುವ ಎಐ ಬಟನ್ ಹಾಕಿದಾಗ ಅದು ತಪ್ಪು ವಿವರಣೆ ಕೊಡುತ್ತಿದೆ ಎಂದು ಡೆವಲಪರ್‌ಗಳು ಬಲವಾಗಿ ಆಕ್ಷೇಪಿಸಿದರು, ಕೆಲವೇ ದಿನಗಳಲ್ಲಿ ಆ ಬಟನ್ ತೆಗೆಯಬೇಕಾಯಿತು. ಎಐ ಕೊಟ್ಟ ಫಂಕ್ಷನ್ ಹೆಸರನ್ನು ರೆಫರೆನ್ಸ್‌ನಲ್ಲಿ ಒಮ್ಮೆ ತೆರೆದು ನೋಡದೆ ಪ್ರೊಡಕ್ಷನ್‌ಗೆ ಕಳುಹಿಸಬೇಡಿ.

ನೀವೇ ಬರೆಯಬೇಕಾದಾಗ

ನಿಮ್ಮ ತಂಡದ ಎಪಿಐಗೆ ಡಾಕ್ಸ್ ಬರೆಯುವ ಸರದಿ ಬಂದರೆ, ಟೂಲ್ ಆರಿಸುವುದರಲ್ಲಿ ವಾರಗಟ್ಟಲೆ ಕಳೆಯಬೇಡಿ. ಉದಾಹರಣೆಗಳು ತಾವಾಗಿಯೇ ಪರೀಕ್ಷೆಗೊಳ್ಳುವಂತೆ ಮಾಡಿ, ಅದು ಎಲ್ಲಕ್ಕಿಂತ ಮುಖ್ಯ. ಪೈಥಾನ್‌ನಲ್ಲಿ 2001ರಿಂದಲೂ ಡಾಕ್‌ಟೆಸ್ಟ್ ಇದೆ: ವಿವರಣೆಯೊಳಗೆ ಬರೆದ ಉದಾಹರಣೆಯನ್ನು ಓಡಿಸಿ, ಬರೆದ ಉತ್ತರಕ್ಕೂ ಬಂದ ಉತ್ತರಕ್ಕೂ ತಾಳೆ ನೋಡುತ್ತದೆ. ರಸ್ಟ್‌ನಲ್ಲಿ ‘ಕಾರ್ಗೋ ಟೆಸ್ಟ್’ ಕೊಟ್ಟರೆ ಲೈಬ್ರರಿಯ ಡಾಕ್ಸ್‌ನ ಉದಾಹರಣೆಗಳೂ ಓಡುತ್ತವೆ. ಕೋಡ್ ಬದಲಾಗಿ ಡಾಕ್ಸ್ ಹಳೆಯದಾಗಿ ಉಳಿದರೆ ಬಿಲ್ಡ್ ಅಲ್ಲೇ ಕೆಂಪಾಗುತ್ತದೆ. ಓಪನ್‌ಬಿಎಸ್‌ಡಿ ತಂಡ ಮ್ಯಾನ್ ಪೇಜ್‌ನಲ್ಲಿನ ತಪ್ಪನ್ನು ಕೋಡ್‌ನ ಬಗ್‌ನಂತೆಯೇ ಗಂಭೀರವಾಗಿ ಪರಿಗಣಿಸುತ್ತದೆ, ಅದರ ಕೈಪಿಡಿಗಳ ಒಳ್ಳೆಯ ಹೆಸರಿಗೆ ಅದೇ ಕಾರಣ. ಎರರ್‌ಗಳ ಪಟ್ಟಿಯನ್ನು ಮೊದಲು ಬರೆಯಿರಿ, ಪರಿಚಯದ ಪ್ಯಾರಾ ಕೊನೆಗೆ. ಡಾಕ್ಸ್ ತೆರೆಯುವವರಲ್ಲಿ ಹೆಚ್ಚಿನವರು ಬಂದಿರುವುದು ಏನೋ ಕೆಟ್ಟು ನಿಂತಿದೆ ಎಂದೇ.

ಮ್ಯಾನೇಜರ್‌ಗಳಿಗೂ ಒಂದು ಮಾತು. ಟೆಕ್ನಿಕಲ್ ರೈಟರ್‌ನ ಸಂಬಳ ಬಜೆಟ್ಟಿನಲ್ಲಿ ಕಾಣುತ್ತದೆ, ಆದ್ದರಿಂದ ಮೊದಲ ಕತ್ತರಿ ಅಲ್ಲಿಗೇ ಬೀಳುತ್ತದೆ. ಡಾಕ್ಸ್ ಇಲ್ಲದೆ ಪೋಲಾಗುವ ಗಂಟೆಗಳು ಯಾವ ಸಾಲಿನಲ್ಲೂ ಕಾಣುವುದಿಲ್ಲ. ನಿಮ್ಮ ಸಪೋರ್ಟ್ ಟಿಕೆಟ್‌ಗಳನ್ನು ಒಂದು ತಿಂಗಳ ಮಟ್ಟಿಗೆ ತೆಗೆದು ನೋಡಿ. ಅವುಗಳಲ್ಲಿ ಡಾಕ್ಸ್‌ನ ಒಂದು ಸಾಲಿನಿಂದ ತಪ್ಪುತ್ತಿದ್ದವು ಎಷ್ಟು ಎಂದು ಗುರುತು ಹಾಕಿ, ಆಮೇಲೆ ಆ ಹುದ್ದೆ ಬೇಕೋ ಬೇಡವೋ ನಿರ್ಧರಿಸಿ.

ಓದುಗರಾದ ನಮ್ಮ ಪಾಲಿಗೂ ಕೆಲಸವಿದೆ. ಎಂಡಿಎನ್, ಪೈಥಾನ್, ರಸ್ಟ್ ಎಲ್ಲದರ ಡಾಕ್ಸ್ ಗಿಟ್‌ಹಬ್‌ನಲ್ಲಿವೆ. ತಪ್ಪು ಕಂಡರೆ, ಬಿಟ್ಟುಹೋದದ್ದು ಕಂಡರೆ, ಅದರಲ್ಲೂ ಕನ್ನಡದಂಥ ಲಿಪಿಗಳಿಗೆ ಸಲ್ಲದ ವಿವರಣೆ ಕಂಡರೆ, ಅವತ್ತೇ ಒಂದು ತಿದ್ದುಪಡಿ ಕಳುಹಿಸಿ. ಅಷ್ಟು ಸಮಯವಿಲ್ಲದಿದ್ದರೆ ಒಂದು ಇಶ್ಯೂ ಬರೆದು ಹಾಕಿ. ಕಚೇರಿಯಲ್ಲಿ ಖರ್ಚಿಗೆ ಸಹಿ ಹಾಕುವ ಸ್ಥಾನದಲ್ಲಿದ್ದರೆ, ನಿಮ್ಮ ತಂಡ ದಿನವೂ ತೆರೆಯುವ ಒಂದು ಉಚಿತ ಡಾಕ್ಸ್ ಪ್ರಾಜೆಕ್ಟ್‌ಗೆ ಈ ವರ್ಷದ ಬಜೆಟ್ಟಿನಲ್ಲೇ ಹಣ ಇಡಿ.